ಚಾಂದನಿಯ ಮೆಲುಕು

ನಮ್ಮ ಜಟ್ಟಪ್ಪನಿಗೆ ತನ್ನ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ. ಆದರೆ ಅವನ ಕುದುರೆ ಚಾಂದನಿಯ ವಂಶ ಕೇಳಿದಿರೋ, ಮುಗಿಯಿತು ನಿಮ್ಮ ಕತೆ. ಮುನ್ನೂರು ವರ್ಷದ ಹಿಂದೆ ಅರಬ್ಬರ ಗಂಡುಕುದುರೆಗಳು ಇಂಗ್ಲೆಂಡಿಗೆ ಹೋದದ್ದು, ಅವುಗಳಿಂದ ಥರೋಬ್ರೆಡ್ ಎಂಬ ರೇಸಿನ ತಳಿ ಹುಟ್ಟಿದ್ದು, ಅದಕ್ಕೂ ಹಿಂದೆ ಕುದುರೆಯ ಕಾಲಿನಲ್ಲಿ ನಾಲ್ಕು ಬೆರಳಿದ್ದು ಕಾಲಾಂತರದಲ್ಲಿ ಒಂದೇ ಗೊರಸು ಉಳಿದದ್ದು, ಎಲ್ಲ ಹೇಳಿಯೇ ಬಿಡುತ್ತಿದ್ದ. ಬೆಂಗಳೂರಿನ ರೇಸು ಕುದುರೆಗಳ ಲಾಯದಲ್ಲಿ ಮೈ ತಿಕ್ಕುವ ಕೆಲಸ ಮಾಡುತ್ತ ಕೇಳಿಸಿಕೊಂಡದ್ದು. ಚಾಂದನಿಯ ಮುಂಗಾಲು ಕುಂಟಾಗಿ ರೇಸಿಗೆ ಬೇಡವಾದಾಗ ಕಾಡಿ ಬೇಡಿ ಶಿರಸಿಗೆ ತಂದ. ಅಂದಿನಿಂದ ಮದುವೆ ದಿಬ್ಬಣಕ್ಕೆ ಅವಳು ಮುಂದೆ, ಕ್ಲಾರಿನೆಟ್ ಊದುತ್ತ ನಾನು ಹಿಂದೆ. ಹೆಂಡತಿ ಮಕ್ಕಳಿಲ್ಲದ ಮನುಷ್ಯ. "ನಂಗೆ ಇರೂದು ಇವ್ಳೊಬ್ಳೇ ಮಾರಾಯಾ" ಅನ್ನುತ್ತಿದ್ದ.

ಹೋದ ವರ್ಷ ಉಮ್ಮಚಗಿಯಲ್ಲಿ ಅಭಿಜ್ಞಾಳ ಮದುವೆ. ಮದುಮಗನನ್ನು ಇಳಿಸಿ, ಚಾಂದನಿಯನ್ನು ಕೊಟ್ಟಿಗೆಯ ಪಕ್ಕ ಕಟ್ಟಿ, ನಾವಿಬ್ಬರೂ ಊಟಕ್ಕೆ ಕೂತೆವು. ಮದುಮಗಳ ಅಜ್ಜಿ ಸೀತಮ್ಮನಿಗೆ ಒಂದು ನೇಮವಿತ್ತು. ಹಬ್ಬವಿರಲಿ ಮದುವೆಯಿರಲಿ, ಅಂಗಳದ ಮೂಕಪ್ರಾಣಿಯ ಹೊಟ್ಟೆ ತುಂಬದೆ ತಾನು ಎಲೆಯ ಮುಂದೆ ಕೂರುವವಳಲ್ಲ. ದನಗಳಿಗೆ ಕೊಡುವ ಹಾಗೆಯೇ ಅಕ್ಕಿ ತೊಳೆದ ಅಕ್ಕಚ್ಚಿಗೆ ಅನ್ನ, ಹೋಳಿಗೆ ಕಲಸಿ, ಬಾನಿ ತುಂಬ ಕುದುರೆಯ ಮುಂದಿಟ್ಟಳು. ಚಾಂದನಿ ತಳ ಕಾಣುವವರೆಗೆ ತಿಂದಳು.

ಸ್ವಲ್ಪ ಹೊತ್ತಿನಲ್ಲಿ ಬೆವರಿದಳು, ನೆಲ ಕೆರೆದಳು, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು. ಜಟ್ಟಪ್ಪ ಖಾಲಿ ಬಾನಿ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ, ಕುದ್ರೆಗೆ ವಾಂತಿ ಬರೂದಿಲ್ವೋ! ಒಳಗೆ ಹೋದದ್ದು ಹಿಂದೆ ಬರೂದಿಲ್ಲ! ನಾ ಯಾಕಾದ್ರೂ ಉಣ್ಣಕ್ಕೆ ಹೋದೆ!"

ದನದ ಡಾಕ್ಟರು ಮನೋಹರ ಓಡಿ ಬಂದರು, ನೋವಿಗೆ ಸೂಜಿ ಕೊಟ್ಟರು. "ದನ ಆಗಿದ್ರೆ ಹೊಟ್ಟೆ ಚುಚ್ಚಿ ಗಾಳಿ ತೆಗೀತಿದ್ದೆ. ಇದಕ್ಕೆ ಮೂಗಿಂದ ನಳಿಗೆ ಇಳಿಸ್ಬೇಕು. ಅಷ್ಟುದ್ದದ್ದು ನನ್ನತ್ರ ಇಲ್ಲ. ಧಾರವಾಡಕ್ಕೆ ಒಯ್ಯಿ." ವ್ಯಾನು ಬರುವಷ್ಟರಲ್ಲಿ ಚಾಂದನಿ ಮಲಗಿಯಾಗಿತ್ತು. ಹತ್ತು ಜನ ಎತ್ತಿದರೂ ಏಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಆದರೆ ಬೈಯುವುದು ಯಾರನ್ನು? ಕಣ್ಣು ಮಂಜಾದ ಮುದುಕಿ, ಊಟ ಬಿಟ್ಟು ಜಗಲಿಯಲ್ಲಿ ಕೂತು ಅಳುತ್ತಿದ್ದಳು.

"ಆನು ಪ್ರೀತಿಯಿಂದ ಹಾಕಿದ್ದಿ ಜಟ್ಟಪ್ಪಾ, ಎಂಗೆ ಗೊತ್ತಿತ್ತಿಲ್ಲೆ. ಮೆಲುಕು ಹಾಕ್ತಾ ನೋಡು. ಮೆಲುಕು ಹಾಕಿದ್ರೆ ಗೆದ್ದಾಂಗೇಯ."

ಹೊಟ್ಟೆ ಉಬ್ಬಿದ ದನ ಮೆಲುಕು ಹಾಕಿತೆಂದರೆ ಬದುಕಿತೆಂದೇ ಲೆಕ್ಕ. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಕುದುರೆ ಹುಟ್ಟಿದಾಗಿನಿಂದ ಸಾಯುವತನಕ ಮೆಲುಕು ಹಾಕುವ ಪ್ರಾಣಿಯೇ ಅಲ್ಲ ಎಂದು ಹೇಳಲು ಜಟ್ಟಪ್ಪನಿಗೆ ಬಾಯಿ ಬರಲಿಲ್ಲ. ಅವಳು ಮತ್ತೆ ಮತ್ತೆ ಕೇಳಿದಳು. ಅವನು "ನೋಡ್ತೆ ಅಮ್ಮಾ" ಎನ್ನುತ್ತ ಕುದುರೆಯ ಹೊಟ್ಟೆ ನೀವುತ್ತಲೇ ಇದ್ದ.

ಬಿಸಿಲು ಇಳಿಯುವ ಹೊತ್ತಿಗೆ ಚಾಂದನಿಯ ಉಸಿರು ನಿಂತಿತು. ಜಟ್ಟಪ್ಪ ಅವಳ ಕಣ್ಣು ಮುಚ್ಚಿ, ತಲೆಯನ್ನು ತೊಡೆಯ ಮೇಲೆಳೆದುಕೊಂಡು ಸದ್ದಿಲ್ಲದೆ ಅತ್ತ.

"ಈಗಾದ್ರೂ ಮೆಲುಕು ಹಾಕ್ತಾ ಜಟ್ಟಪ್ಪಾ?" ಜಗಲಿಯಿಂದ ಮತ್ತೆ ದನಿ ಬಂತು.

ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ಹಾಕ್ತದೆ ಅಮ್ಮಾ. ನೀವು ಊಟ ಮಾಡಿ, ಹೋಗಿ."