ಹೆಚ್ಚಿದೆ ಎಂಬ ಮಾತು

ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಕಲ್ಯಾಣ ಮಂಟಪವಿತ್ತು. ಮದುವೆಯ ಮಧ್ಯಾಹ್ನ ಕೊನೆಯ ಪಂಕ್ತಿ ಎದ್ದ ಮೇಲೂ ಅಲ್ಲಿ ಅನ್ನ, ಹುಳಿ, ಪಲ್ಯ ಕೊಳಗಗಟ್ಟಲೆ ಉಳಿಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಮ್ಮ ವಾರ್ಡಿನ ಕಾರ್ಪೊರೇಟರ್ ಓಡಾಡಿದ್ದರಿಂದ, ಅದನ್ನು ಸಾಗಿಸಲು ನಗರಪಾಲಿಕೆಯಿಂದ ಒಂದು ವ್ಯಾನು ಸಿಕ್ಕಿತು. ತುಂಬಿಸಿಕೊಡುವ ಕೆಲಸ ಬೀದಿಯ ನಾಲ್ಕಾರು ಹೆಂಗಸರದು.

ಅದೂ ಒಂದು ಅಡುಗೆಯಷ್ಟೇ ಕೆಲಸ. ಹುಳಿಯನ್ನು ಅನ್ನದ ಮೇಲೆ ಸುರಿಯಬಾರದು, ಬೇರೆಯೇ ಇಡಬೇಕು. ಬಿಸಿ ಅನ್ನಕ್ಕೆ ಮುಚ್ಚಳ ಬಿಗಿದರೆ ಬೆವರಿ ಹಳಸುತ್ತದೆ. ತೆಳುವಾದ ಹಳೇ ಪಂಚೆ ಕಟ್ಟಬೇಕು. ಕಾಯಿ ರುಬ್ಬಿ ಹಾಕಿದ್ದನ್ನು ಮೂಸಿ ನೋಡಿ, ಅನುಮಾನ ಬಂದರೆ ಬಿಟ್ಟುಬಿಡಬೇಕು.

ವ್ಯಾನು ಹೋಗುತ್ತಿದ್ದುದು ಅಶೋಕಪುರಂ ಕಡೆಯ ಒಂದು ಹಳೆಯ ವಠಾರಕ್ಕೆ. ಅಲ್ಲಿ ದಿಕ್ಕಿಲ್ಲದ ಮುದುಕಿಯರು ಕೋಣೆಗೆ ಇಬ್ಬರಂತೆ ಇದ್ದರು. ಅವರಲ್ಲಿ ಹಿರಿಯರು, ಹಣೆಯ ತುಂಬ ವಿಭೂತಿ ಇಡುತ್ತಿದ್ದ ದೊಡ್ಡವ್ವ. ಎಲ್ಲರೂ ಹಾಗೇ ಕರೆಯುತ್ತಿದ್ದುದರಿಂದ ನಾನೂ ಹಾಗೇ ಕರೆದೆ. ಮೊದಲು ಬಡಿಸುವುದು ಕೈನಡುಗುವವರಿಗೆ, ಕೊನೆಗೆ ತಮಗೆ. ಅದು ಅವರ ಕಟ್ಟುನಿಟ್ಟು.

ಡ್ರೈವರು ಉದಯಗಿರಿಯವನು, ಬಾಯಿ ಜೋರು. "ಏನಕ್ಕಾ, ಇವತ್ತು ಲಾಡು ಇಲ್ವಾ? ದೊಡ್ಡವ್ವ ನನ್ನನ್ನ ಗಾಡಿಯಿಂದ ಇಳಿಯಕ್ಕೇ ಬುಡಲ್ಲ" ಅನ್ನುತ್ತಿದ್ದ.

ಆಷಾಢ ಬಂತು. ಮದುವೆಗಳಿಲ್ಲ, ಮಂಟಪಕ್ಕೆ ಬೀಗ. ಮುದುಕಿಯರು ಅಲ್ಲಿ ಇಲ್ಲಿ ಕೂಡಿಟ್ಟ ಅಕ್ಕಿಯಲ್ಲಿ ಗಂಜಿ ಕಾಯಿಸಿಕೊಂಡು ಶ್ರಾವಣಕ್ಕೆ ಕಾಯುತ್ತಿದ್ದರು. ಅದೇ ಹೊತ್ತಿಗೆ ಪಾಲಿಕೆಗೆ ಹೊಸ ಅಧಿಕಾರಿಯೊಬ್ಬರು ವರ್ಗವಾಗಿ ಬಂದರು. ವ್ಯಾನು ಮುಂದುವರಿಸಬೇಕೋ ಬೇಡವೋ ಅನ್ನುವುದು ಅವರ ಕೈಯಲ್ಲಿತ್ತು. ಒಂದು ಶುಕ್ರವಾರ ಆಫೀಸು ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ವಠಾರಕ್ಕೆ ಬಂದರು. ಜಾಗ ತೋರಿಸಲು ನಾನು ಜೊತೆಗಿದ್ದೆ. ಅವರ ಊರು ಯಾವುದೋ ದೂರದ್ದು. ಕನ್ನಡ ಓದಿ ಬರೆದು ಕಲಿತದ್ದು.

ದೊಡ್ಡವ್ವನ ಕೋಣೆಯ ಹೊಸ್ತಿಲ ಹೊರಗೇ ಬೂಟು ಹಾಕಿಕೊಂಡು ನಿಂತು ಕೇಳಿದರು: "ಏನಜ್ಜಿ, ಮನೇಲಿ ಅಕ್ಕಿ ಇದೆಯಾ?"

ದೊಡ್ಡವ್ವ ಆಗಷ್ಟೇ ದೀಪ ಹಚ್ಚಿದ್ದರು. ತಿರುಗಿ, "ಹೆಚ್ಚಿದೆ ಸ್ವಾಮಿ" ಅಂದರು.

ಅಧಿಕಾರಿಯ ಮುಖ ಅರಳಿತು. "ಪರವಾಗಿಲ್ವೇ! ಮದುವೆ ಇಲ್ದಿದ್ರೂ ಹೆಚ್ಚಾಗೇ ಇದೆಯಲ್ಲ."

ನಮ್ಮ ಮನೆಗಳಲ್ಲಿ ಅಕ್ಕಿಯಾಗಲಿ ಉಪ್ಪಾಗಲಿ ಮುಗಿದರೆ ಇಲ್ಲ ಅನ್ನುವುದಿಲ್ಲ, ಹೆಚ್ಚಿದೆ ಅನ್ನುತ್ತೇವೆ. ಒಡೆದ ಬಳೆಯನ್ನೂ ಹೆಚ್ಚಿತು ಅಂತಲೇ ಹೇಳುವುದು. ದೀಪ ಹಚ್ಚಿದ ಹೊತ್ತಿನಲ್ಲಂತೂ ಇಲ್ಲ ಎಂಬ ಮಾತು ನಾಲಿಗೆಗೆ ಬರಕೂಡದು.

"ಹಂಗಲ್ಲ ಸಾರ್, ಹೆಚ್ಚಿದೆ ಅಂದ್ರೆ ಮುಗಿದಿದೆ ಅಂತ" ಅಂದೆ.

"ಮುಗಿದದ್ದು ಹೆಚ್ಚೋದು ಹೇಗೆ ಮೇಡಂ? ಚೆನ್ನಾಗಿದೆ ನಿಮ್ಮ ಮೈಸೂರು ಲೆಕ್ಕ." ನಕ್ಕರು. "ನೀವು ಸುಮ್ನಿರಿ, ಅವರೇ ಹೇಳ್ಲಿ. ಇದೆಯೋ ಇಲ್ವೋ ಅಜ್ಜಿ?"

"ದೊಡ್ಡವ್ವ, ಇಲ್ಲ ಅಂದ್ಬುಡಿ. ಒಂದೇ ಒಂದು ಮಾತು" ಅಂದೆ ನಾನು.

"ಶುಕ್ರವಾರ, ದೀಪದ ಮುಂದೆ ಆ ಮಾತು ಆಡಿಸ್ತೀಯಾ? ನಿಂಗೇನ್ ಬಂತವ್ವ ಕೇಡು!" ದೊಡ್ಡವ್ವನಿಗೆ ನಿಜವಾಗಿ ಸಿಟ್ಟು ಬಂದಿತ್ತು.

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಜೊತೆಯ ಮುದುಕಿ ರೇಗಿಸಿದಳು: "ಆಡ್ಬುಡಕ್ಕ. ಎದ್ದೋಯ್ತಳೆ ಅನ್ನಕ್ಕೆ ಲಕ್ಷ್ಮಿ ಇಲ್ಲೇನು ಗಂಟು ಬಿಚ್ಕೊಂಡು ಕೂತವ್ಳಾ?"

"ಸುಮ್ಕಿರೇ, ಬಾಯಿಬಡುಕಿ."

ಬಾಯಿಬಡುಕಿ ಸುಮ್ಮನಿರಲಿಲ್ಲ. ಅಕ್ಕಿ ಡಬ್ಬವನ್ನು ನೆಲದ ಮೇಲೆ ಕರಕರ ಎಳೆದು ತಂದು ಹೊಸ್ತಿಲ ಹತ್ತಿರ ಮುಚ್ಚಳ ತೆಗೆದಳು. "ನೋಡ್ಕಳಿ ಸ್ವಾಮಿ, ನೀವೇ ನೋಡ್ಕಳಿ." ಅಧಿಕಾರಿ ಬಗ್ಗಿದರು. ತಳದಲ್ಲಿ ಒಂದೆರಡು ಹಿಡಿ ಅಕ್ಕಿ ಬೆಳ್ಳಗೆ ಕಂಡಿತು. ಡಬ್ಬ ಬರಿದಾಗಬಾರದೆಂದು ದೊಡ್ಡವ್ವ ಹಸಿದುಕೊಂಡೇ ಉಳಿಸಿದ್ದ ಅಕ್ಕಿ.

"ಇದೆಯಲ್ಲಮ್ಮ" ಅಂದರು ಅಧಿಕಾರಿ. ಅವರಿಗೆ ನಮ್ಮ ಮಾತು ಅರ್ಥವಾಗಲೇ ಇಲ್ಲವೋ, ಅರ್ಥವಾದರೂ ಹೀಗೇ ಅನುಕೂಲವೆನಿಸಿತೋ, ನನಗೆ ಇವತ್ತಿಗೂ ತಿಳಿಯದು.

ಶ್ರಾವಣದ ಮೊದಲ ಮದುವೆಯ ದಿನ ನಾವು ಎಲ್ಲ ತುಂಬಿಸಿ, ಪಂಚೆ ಕಟ್ಟಿ ಕಾದೆವು. ವ್ಯಾನು ಬರಲಿಲ್ಲ. ಹೊತ್ತು ಇಳಿದ ಮೇಲೆ ಡ್ರೈವರು ಸೈಕಲ್ಲಿನಲ್ಲಿ ಬಂದ.

"ಗಾಡಿ ಸೊಳ್ಳೆ ಔಷಧಿ ಹೊಡೆಯಕ್ಕೆ ಹಾಕ್ಬುಟ್ರು ಅಕ್ಕಾ. ಅಲ್ಲಿ ಊಟಕ್ಕೇನೂ ತೊಂದರೆ ಇಲ್ಲ ಅಂತ ಸಾಹೇಬ್ರೇ ಹೇಳಿದ್ರಂತೆ."

ಕಾರ್ಪೊರೇಟರ್ ಮನೆಗೆ ಹೋದೆವು. ಅವರು ಕಾಫಿ ಕೊಡಿಸಿ, "ನೋಡೋಣ ಕಣಮ್ಮ, ಸಾಹೇಬ್ರ ಮಾತು ಮೀರಿ ನಾನು ಏನ್ ಮಾಡ್ಲಿ" ಅಂದರು. ಇನ್ನೊಂದು ಸಲ ಹೋದಾಗ ಕಾಫಿಯೂ ಇರಲಿಲ್ಲ. ಆಟೋದವರನ್ನು ಕೇಳಿದರೆ ಸೀಟೆಲ್ಲ ಹುಳಿಯಾಗುತ್ತದೆ ಅಂದರು. ಮಂಟಪದವರಿಗೆ ಸಂಜೆಯೊಳಗೆ ಕೊಳಗ ತೊಳೆದಿಡಬೇಕು. ಉಳಿದದ್ದನ್ನೆಲ್ಲ ಹಿತ್ತಲ ಗುಂಡಿಗೆ ಸುರಿಯತೊಡಗಿದರು. ಬೆಳಿಗ್ಗೆ ಅದನ್ನು ಎತ್ತಿಕೊಂಡು ಹೋಗಲು ಪಾಲಿಕೆಯ ಕಸದ ಲಾರಿ ತಪ್ಪದೆ ಬರುತ್ತಿತ್ತು.

ಜೊತೆಯ ಹೆಂಗಸರು ಒಬ್ಬೊಬ್ಬರೇ ಬಿಟ್ಟರು. ನಾನು ಆದ ದಿನ ಎರಡು ದೊಡ್ಡ ಕ್ಯಾರಿಯರ್ ತುಂಬಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಆಗದ ದಿನಗಳೇ ಹೆಚ್ಚು. ಹಾಗೆ ಹೋದ ಒಂದು ಸಂಜೆ ದೊಡ್ಡವ್ವ ಎಲ್ಲರಿಗೂ ಬಡಿಸಿ, ಕ್ಯಾರಿಯರ್ ತೊಳೆಯುತ್ತಾ ಹೇಳಿದರು:

"ಇನ್ನು ತರಬ್ಯಾಡ ಕಣವ್ವ."

"ಯಾಕೆ ದೊಡ್ಡವ್ವ, ಹಳಸಿತ್ತಾ?"

"ಚೆಂದಾಗೇ ಇತ್ತು. ನೀ ಬತ್ತೀಯ ಅಂತ ಇವು ಒಲೆ ಹಚ್ಚದೇ ಬಾಗಿಲು ನೋಡ್ಕಂಡು ಕೂತಿರ್ತವೆ. ನೀ ಬರದಿದ್ ದಿನ ನೀರು ಕುಡ್ದು ಮಲಗ್ತವೆ. ನೀ ಬರಲ್ಲ ಅಂತ ಗೊತ್ತಿದ್ರೆ ನಾಕು ಮನೆಗೆ ಹೋಗಿ ಏನಾರ ಕೇಳ್ಕಂಡಾದ್ರೂ ಬರ್ತವೆ. ದಿನಾ ಬರಕಾಯ್ತದಾ ನಿಂಗೆ?"

ಅವರು ಸೆರಗಿನಿಂದ ಒರೆಸಿ ಕ್ಯಾರಿಯರನ್ನು ನನ್ನ ಕೈಗೆ ಕೊಟ್ಟರು. ಮಾರನೆಯ ದಿನವೂ ಮಂಟಪದಲ್ಲಿ ಮದುವೆಯಿತ್ತು. ವಾಲಗ ಕೇಳುತ್ತಿತ್ತು. ನಾನು ಹೋಗಲಿಲ್ಲ.