ಮೇಲಿನ ಹಲ್ಲು ಮೊದಲು

ನನ್ನ ಮಗಳಿಗೆ ಮೊದಲ ಹಲ್ಲು ಮೇಲಿನ ವಸಡಿನಲ್ಲಿ ಬಂತು. ಆಕೆ ಮಾಡಿದ ತಪ್ಪು ಇಷ್ಟೇ. ಅಕ್ಕಿಕಾಳಿನಷ್ಟಿದ್ದ ಅದಕ್ಕೆ ಹೆದರಿ ನನ್ನ ಒಬ್ಬನೇ ಅಣ್ಣ ಆರು ವರ್ಷ ತಾಂಡೂರಿನ ನಮ್ಮ ಮನೆಗೆ ಕಾಲಿಡಲಿಲ್ಲ. ಇದನ್ನು ಈಗ ಬರೆಯುತ್ತಿದ್ದೇನೆ. ದುಃಖಕ್ಕಲ್ಲ, ಸಿಟ್ಟಿಗೆ.

ಮಗುವಿಗೆ ಆಗ ಒಂಬತ್ತು ತಿಂಗಳು. ನಾರಾಯಣಖೇಡ ದಾಟಿ, ನಾಗಲಗಿದ್ದದ ಹತ್ತಿರ ಇರುವ ನನ್ನ ತವರಿಗೆ ಹೋಗಿದ್ದೆ. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಜೋಳದ ಗಂಜಿ ಕುಡಿಸುತ್ತಿದ್ದಳು. ಚಮಚಕ್ಕೆ ಏನೋ ಟಕ್ಕೆಂದು ತಾಗಿತು. ಅವ್ವ ಖುಷಿಯಿಂದ ಕೆಳಗಿನ ವಸಡು ಸವರಿದಳು. ಅಲ್ಲಿ ಏನೂ ಇರಲಿಲ್ಲ. ಬೆರಳು ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು. ಅವಳ ಮುಖ ಕಪ್ಪಿಟ್ಟಿತು.

"ಮ್ಯಾಲಿಂದ ಬಂದದ," ಅಂದಳು. "ನಿಮ್ಮಣ್ಣ ಕುರಿ ಹೊಡಕೊಂಡು ಮನಿಗಿ ಬರೋದ್ರಾಗ ನೀ ಹೊಂಡು."

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎನ್ನುವುದು ನಮ್ಮ ಕಡೆಯ ನಂಬಿಕೆ. ನಾನೂ ಚಿಕ್ಕಂದಿನಿಂದ ಕೇಳಿದ್ದೆ, ಕೇಳಿ ನಕ್ಕಿದ್ದೆ. ಅದು ನನ್ನ ಮಡಿಲಿಗೇ ಬಂದು ಬೀಳುತ್ತದೆಂದು ಎಣಿಸಿರಲಿಲ್ಲ. ಉಂಡ ತಟ್ಟೆ ತೊಳೆಯುವುದಕ್ಕೂ ಬಿಡದೆ ಅವ್ವ ಬಟ್ಟೆಯ ಚೀಲ ಕೈಗೆ ಕೊಟ್ಟಳು. ಹೆತ್ತ ಮಗಳನ್ನು, ಹಾಲು ಕುಡಿಯುವ ಕೂಸನ್ನು, ಸುಡು ಬಿಸಿಲಿನಲ್ಲಿ ಜೀಪು ಹತ್ತಿಸಿದಳು.

ಬಸ್ಸು ಬದಲಿಸಲು ಜಹೀರಾಬಾದಿನಲ್ಲಿ ಇಳಿದಾಗ ಹಲ್ಲಿನ ಡಾಕ್ಟರ ಬೋರ್ಡು ಕಂಡಿತು. ಸಿಟ್ಟಿನಲ್ಲಿ ಸೀದಾ ಒಳಗೆ ಹೋದೆ. ಡಾಕ್ಟರಮ್ಮ ಮಗುವಿನ ಬಾಯಿ ನೋಡಿ ನಕ್ಕರು. ಕೂಸು ಹೊಟ್ಟೆಯಲ್ಲಿ ಎರಡು ತಿಂಗಳಾಗುವ ಹೊತ್ತಿಗೇ ಹಲ್ಲಿನ ಮೊಳಕೆ ಶುರುವಾಗುತ್ತದಂತೆ. ಹುಟ್ಟುವಾಗಲೇ ಹಾಲುಹಲ್ಲುಗಳೆಲ್ಲ ವಸಡಿನೊಳಗೆ ಇರುತ್ತವಂತೆ. ಬೇರು ಬೆಳೆಯುತ್ತ ಹೋದಂತೆ ಒಂದೊಂದಾಗಿ ಹೊರಗೆ ಬರುತ್ತವೆ. ಬಹಳ ಮಕ್ಕಳಿಗೆ ಕೆಳಗಿನವು ಮೊದಲು, ಕೆಲವರಿಗೆ ಮೇಲಿನವು. ಆಕೆ ಯಾವುದೋ ಮಗುವಿನ ದವಡೆಯ ಎಕ್ಸ್‌ರೇ ತೋರಿಸಿದರು. ಹಾಲುಹಲ್ಲುಗಳ ಬೇರಿನ ಬುಡದಲ್ಲಿ, ಎಷ್ಟೋ ವರ್ಷದ ಮೇಲೆ ಬರಬೇಕಾದ ಹಲ್ಲುಗಳು ಆಗಲೇ ಸಾಲಾಗಿ ಕೂತಿದ್ದವು. ಯಾವ ಮಾವನ ಸುದ್ದಿಯೂ ಅವಕ್ಕೆ ಬೇಕಿರಲಿಲ್ಲ.

ಅದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನಿಮ್ ಡಾಕ್ಟರ್ ಹೇಳಿದ್ದು ಖರೆ ಇರಬಹುದು. ನನಗ ಇರೋದು ಒಬ್ಬನೇ ಮಗ," ಅಂದು ಫೋನ್ ಇಟ್ಟಳು. ನಾನು ಅವಳ ಲೆಕ್ಕದಲ್ಲಿ ಎಲ್ಲಿದ್ದೆ, ನನ್ನ ಮಗಳು ಎಲ್ಲಿದ್ದಳು ಎಂದು ಕೇಳಲು ಆಚೆ ಯಾರೂ ಇರಲಿಲ್ಲ.

ಅದಾದ ಎರಡು ತಿಂಗಳಿಗೆ, ತವರೂರಿನ ಗುಡಿಯಲ್ಲಿ, ಮಗಳ ಜಾವಳ ಬಂತು. ಹುಟ್ಟುಗೂದಲು ತೆಗೆಸುವಾಗ ಕೂಸು ಕೂಡಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಯಾರೋ ಹಿರಿಯರು ಅವ್ವನಿಗೆ ಪರಿಹಾರ ಹೇಳಿದ್ದರು: ಹಲ್ಲು ಬಂದ ಮಗುವಿನ ಮುಖವನ್ನು ಅವನು ಮೊದಲು ಎಣ್ಣೆಯಲ್ಲಿ ನೋಡಬೇಕು. ಅಣ್ಣ ಮಗುವಿಗೆ ಬೆನ್ನು ತಿರುಗಿಸಿ ಕೂತ. ಮುಂದೆ ಕಂಚಿನ ತಟ್ಟೆಯಲ್ಲಿ ಎಣ್ಣೆ. ನಾನು ಹಿಂದಿನಿಂದ ಮಗುವನ್ನು ಅವನ ಭುಜದ ಮೇಲೆ ಬಗ್ಗಿಸಿ ಹಿಡಿದೆ. ಅವಳು ಕೇಕೆ ಹಾಕಿ ಅವನ ಕಿವಿ ಹಿಡಿದುಕೊಂಡಳು. ಅವ್ವ ಕಿರುಚಿದ ದನಿಗೆ ಅಣ್ಣ ಬೆಚ್ಚಿಬಿದ್ದ, ತಟ್ಟೆ ಬೋರಲಾಯಿತು. ಮುಖ ಕಾಣುವ ಮೊದಲೇ ಎಣ್ಣೆ ಚೆಲ್ಲಿತು, ಅಂದ ಮೇಲೆ ಪರಿಹಾರವೂ ಆಗಲಿಲ್ಲ. ಅವನು ಎದ್ದು, ತಿರುಗಿಯೂ ನೋಡದೆ ಹೊರಗೆ ಹೋದ. ಜಾವಳ ನನ್ನ ತೊಡೆಯ ಮೇಲೇ ಆಯಿತು.

ಹಾಗಂತ ಅಣ್ಣ ಏನೂ ತಿಳಿಯದವನಲ್ಲ. ಸಂತೆಯಲ್ಲಿ ಕುರಿಯ ಬಾಯಿ ಅಗಲಿಸಿ ಎರಡು ಹಲ್ಲಿನದು, ನಾಲ್ಕು ಹಲ್ಲಿನದು ಎಂದು ವಯಸ್ಸು ಹೇಳುವವನು. ಕುರಿಗೆ ಮುಂದಿನ ಮೇಲ್ವಸಡಿನಲ್ಲಿ ಹಲ್ಲೇ ಇರುವುದಿಲ್ಲ. ಒಂದು ದಿನ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ.

"ಹುಟ್ಟಿದಾಗಿನಿಂದ ಕುರಿ ಬಾಯಿ ನೋಡಿ ನೋಡಿ, ಮ್ಯಾಲೊಂದು ಹಲ್ಲು ಕಂಡ್ರ ಅಂಜತಿ ಏನಣ್ಣ?"

"ನಾ ಏನು ನಂಬಲ್ಲ ತಂಗಿ," ಅಂದ. "ಅವ್ವ ಅಳ್ತಾಳ. ನಾ ಏನ್ ಮಾಡ್ಲಿ?"

ನಂಬಿ ಹೆದರಿದ್ದರೆ ಕನಿಕರವಾದರೂ ಬರುತ್ತಿತ್ತು. ನಂಬದೆಯೂ ದೂರ ನಿಂತವನ ಮೇಲೆ ನನಗೆ ಬಂದದ್ದು ಬರಿ ಅಸಹ್ಯ. ನನ್ನ ಗಂಡ, "ಬಿಡು, ಅವರ ಫಿಕರ್ ನಮಗ್ಯಾಕ" ಎಂದು ಬಂಡೆ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದ. ನನಗೆ ಬಿಡಲಾಗಲಿಲ್ಲ.

ಮಗಳಿಗೆ ಆರು ತುಂಬಿತು. ಕೆಳಗಿನ ಎರಡು ಹಾಲುಹಲ್ಲು ಬಿದ್ದು ಹೊಸವು ಬಂದವು. ಆ ವರ್ಷ ನಾರಾಯಣಖೇಡದಲ್ಲಿ ನಮ್ಮವರದೊಂದು ಮದುವೆ. ಅಣ್ಣ ಬರುತ್ತಾನೆಂದು ಅವ್ವ ನನ್ನ ಮಗಳನ್ನು ಅಡಿಗೆಯವರ ಹಿಂದೆ ಕೂಡಿಸಿದ್ದಳು. ನನಗೆ ಗೊತ್ತಾಗುವ ಹೊತ್ತಿಗೆ ಯಾರದೋ ಹುಡುಗಿ ಆಕೆಗೆ ಎಲ್ಲ ಹೇಳಿಯಾಗಿತ್ತು. "ನಿನ್ನ ಹಲ್ಲು ನಿಮ್ ಮಾಮಾಗ ಆಗಿಬರಲ್ಲ" ಎಂದು. ಅಂದಿನಿಂದ ಅವಳು ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯತೊಡಗಿದಳು. ನಾನು ಆ ಕೈ ತೆಗೆಯುತ್ತಿದ್ದೆ, ಅವಳು ಮತ್ತೆ ಇಡುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಂದು ಎದುರಿಗೆ ನಿಂತಳು. ಗದ್ದದಿಂದ ಫ್ರಾಕಿನ ತನಕ ರಕ್ತ. ಅಂಗೈ ಬಿಚ್ಚಿ ತೋರಿಸಿದಳು, ಮೇಲಿನ ಎರಡು ಹಲ್ಲು.

"ಮಮ್ಮಿ, ತೆಗದೀನಿ. ಇನ್ ಮಾಮಾಗ ಬಾ ಅಂತ ಹೇಳು."

ಒಂದು ಅಲುಗಾಡುತ್ತಿತ್ತು, ನನಗೆ ಗೊತ್ತಿತ್ತು. ಇನ್ನೊಂದು ಗಟ್ಟಿಯಾಗಿತ್ತು. ಅದನ್ನು ಎಷ್ಟು ಹೊತ್ತು ಹಿಡಿದು ತಿರುವಿದಳೋ, ಅಳದೆ ಹೇಗೆ ತಡೆದಳೋ ಗೊತ್ತಿಲ್ಲ. ನಾನು ಒಲೆ ಆರಿಸಿ, ಆಕೆಯ ಬಾಯಿಗೆ ಹತ್ತಿಬಟ್ಟೆ ಒತ್ತಿ, ರಕ್ತದ ಫ್ರಾಕಿನಲ್ಲೇ ಬಸ್ಸು ಹತ್ತಿಸಿದೆ. ಜಹೀರಾಬಾದಿನಲ್ಲಿ ಅದೇ ಡಾಕ್ಟರಮ್ಮ ನೋಡಿದರು. ಒಳಗಿನಿಂದ ಹೊಸ ಹಲ್ಲು ಒತ್ತಿದಂತೆ ಹಾಲುಹಲ್ಲಿನ ಬೇರು ಕರಗುತ್ತದೆ, ಆಗ ತಾನಾಗಿಯೇ ಉದುರುತ್ತದೆ. ಇದಕ್ಕೆ ಇನ್ನೂ ಅರ್ಧ ಬೇರು ಉಳಿದಿದೆ, ಇಷ್ಟು ನೋವು ಈ ಮಗು ಹೇಗೆ ತಿಂದಿತು ಎಂದು ಕೇಳಿದರು. ನಾನು ಆ ಎರಡು ಹಲ್ಲು ಸೆರಗಿನ ತುದಿಗೆ ಕಟ್ಟಿಕೊಂಡು ನಾರಾಯಣಖೇಡದ ಬಸ್ಸು ಹತ್ತಿದೆ. ಉತ್ತರ ಕೊಡಬೇಕಾದವರು ಅಲ್ಲಿದ್ದರು.

ತವರಿನ ಅಂಗಳ ತಲುಪುವಾಗ ಮಧ್ಯಾಹ್ನವಾಗಿತ್ತು. ಅಣ್ಣ ಊಟಕ್ಕೆ ಕೂತಿದ್ದ. ಅವ್ವ ಸೆರಗು ಅಡ್ಡ ಹಿಡಿಯಲು ಎದ್ದಳು. ನಾನು ಅವಳನ್ನು ಪಕ್ಕಕ್ಕೆ ಸರಿಸಿ ಆ ಎರಡು ಹಲ್ಲು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟೆ.

"ನಿನಗಾಗಿ ಕಿತ್ತುಕೊಂಡಾಳ," ಅಂದೆ. "ಬೇರು ನೋಡು."

ಅವನು ನೋಡಿದ. ಅವನಿಗೆ ಹೇಳಿಕೊಡುವುದು ಬೇಕಿರಲಿಲ್ಲ. ಕೈ ತೊಳೆದುಕೊಂಡು, ಅಳುತ್ತ, ಮಗಳನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡ. ಅವ್ವ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಮಗಳು ಅವನ ಮೀಸೆ, ಕಿವಿಯ ಓಲೆ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಊದಿದ ತುಟಿಯಲ್ಲಿ ತೊದಲುತ್ತ ಕೇಳಿದಳು:

"ಮಾಮಾ, ಮ್ಯಾಲೆ ಹೊಸ ಹಲ್ಲು ಬರ್ತಾವಂತ. ಆವಾಗ ಮತ್ತ ಹೋಗ್ತಿ ಏನು?"

ಇಲ್ಲ ಅನ್ನಲು ಎಷ್ಟು ಹೊತ್ತು ಬೇಕು? ಅವನು ಬಾಯಿ ತೆರೆದ. ತೆರೆದು, ಹೇಳುವ ಮೊದಲು, ಕಣ್ಣೆತ್ತಿ ಅವ್ವನ ಮುಖ ನೋಡಿದ.

ನಾನು ಅವನ ತೊಡೆಯಿಂದ ನನ್ನ ಮಗಳನ್ನು ಎತ್ತಿಕೊಂಡೆ.