ಕೈಯಿಟ್ಟರೆ ಸುಮ್ಮನಾಗುತ್ತಿದ್ದ ಪೆಟ್ಟಿಗೆ

ನಮ್ಮ ಪ್ರಾರ್ಥನಾ ಮಂದಿರದಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುವ ವೈಂಡಿಂಗಕ್ಕನನ್ನು ನೋಡಿದವರು, ಈಕೆ ಯಾವುದಕ್ಕೂ ಹೆದರುವ ಹೆಣ್ಣಲ್ಲವೆಂದೇ ಭಾವಿಸುತ್ತಾರೆ. ಸುಟ್ಟುಹೋದ ಮೋಟಾರುಗಳ ಹೊಟ್ಟೆ ಬಗೆದು, ಕಪ್ಪಾದ ತಾಮ್ರದ ತಂತಿಯನ್ನು ಕಿತ್ತು, ಹೊಸದನ್ನು ಸುತ್ತಿಕೊಡುವುದು ಆಕೆಯ ಕಸುಬು. ಆದರೆ ಲೋಹದ ಯಾವ ವಸ್ತುವನ್ನೇ ಆಗಲಿ, ಮಂದಿರದ ಕಿಟಕಿಯ ಸರಳನ್ನೂ ಸಹ, ಆಕೆ ಮೊದಲು ಮುಟ್ಟುವುದು ಕೈಯ ಹಿಂಬದಿಯಿಂದ. ಕರೆಂಟು ಹರಿಯುತ್ತಿದ್ದರೆ ಅಂಗೈ ಮುಷ್ಟಿಗಟ್ಟಿ ಹಿಡಿದುಬಿಡುತ್ತದೆ. ಹಿಂಬದಿಯಾದರೆ ಕೈ ತಾನಾಗಿಯೇ ಈಚೆಗೆ ಎಗರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಕ್ಕದ ಮೇಜಿನವನ ಅಂಗೈ ಹಾಗೆ ಮೋಟಾರಿಗೆ ಅಂಟಿಕೊಂಡದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಆತ ಮತ್ತೆ ಮನೆಗೆ ಮರಳಲಿಲ್ಲ.

ಆಕೆಯ ಗಂಡ ಬಸ್ ಕಂಡಕ್ಟರು. ತುಂಬಿ ತುಳುಕುವ ಬಸ್ಸಿನ ಹಿಂಬಾಗಿಲಿನಿಂದ ಕೂಗಿದರೆ ಡ್ರೈವರನ ಕಿವಿ ನೆಟ್ಟಗಾಗುವಂಥ ಗಂಟಲು ಆತನದು. ಆ ಗಂಟಲಿನಲ್ಲೇ ಗಡ್ಡೆ ಬೆಳೆಯಿತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು; ದನಿ ಹೋಗಿ ಪಿಸುಮಾತೊಂದೇ ಮಿಕ್ಕಿತು. ಮೊದಮೊದಲು ತಟ್ಟೆಗೆ ಚಮಚ ಬಡಿದು ಹೆಂಡತಿಯನ್ನು ಕರೆಯುತ್ತಿದ್ದ. ಬರಬರುತ್ತಾ ಅದನ್ನೂ ಬಿಟ್ಟು ಗೋಡೆಯ ಕಡೆ ಮುಖಮಾಡಿ ಕೂರತೊಡಗಿದ. ಮನುಷ್ಯ ಎದುರಿಗಿದ್ದೂ ಕೈತಪ್ಪಿ ಹೋಗುತ್ತಿದ್ದಾನೆಂಬ ದಿಗಿಲು ಅಕ್ಕನ ಎದೆಯಲ್ಲಿ ಗೂಡುಕಟ್ಟಿತು.

ಆ ದಿಗಿಲಿನಿಂದಲೇ ದನಿ ಹಿಗ್ಗಿಸುವ ಆಂಪ್ಲಿಫೈಯರ್ ಹುಟ್ಟಿದ್ದು. ಹಲಗೆಯ ಮೇಲೆ ಬಿಡಿಭಾಗಗಳನ್ನು ತಾನೇ ಬೆಸೆದಳು, ಮನೆಯ ಕರೆಂಟನ್ನು ತಗ್ಗಿಸಿಕೊಡುವ ಟ್ರಾನ್ಸ್‌ಫಾರ್ಮರನ್ನು ತಾನೇ ಸುತ್ತಿದಳು, ಹಳೆಯ ರೇಡಿಯೋದ ಸ್ಪೀಕರನ್ನು ಜೋಡಿಸಿದಳು. ಎಲ್ಲವನ್ನೂ ಗಂಡನ ತಗಡಿನ ಟಿಕೆಟ್ ಪೆಟ್ಟಿಗೆಯೊಳಗೆ ಕೂರಿಸಿ, ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕನ್ನು ಹೊರಗೆ ಬಿಟ್ಟಳು. ಪಿಸುಮಾತು ಒಳಹೋದರೆ ಮಾತು ಹೊರಬರಬೇಕು. ಆಕೆ ದೇವರಲ್ಲಿ ಬೇಡಿದ್ದು ಇಷ್ಟೇ.

ಸ್ವಿಚ್ಚು ಹಾಕಿದೊಡನೆ ಪೆಟ್ಟಿಗೆ ಕಿವಿ ಸೀಳುವಂತೆ ಕಿರುಚಿತು. ಅವರ ಮನೆಯಲ್ಲೇ ವಾಸವಿದ್ದ ನಾದಿನಿ ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಯಿಂದ ಓಡಿಬಂದಳು.

"ಅತ್ತಿಗೇ, ಅಣ್ಣನ ದನಿ ವಾಪಸ್ ತರ್ತೀನಿ ಅಂದ್ರಲ್ಲ, ಇದ್ಯಾವ ದೆವ್ವದ ದನಿ ತಂದ್ರಿ?"

ಮೈಕನ್ನು ಕಿತ್ತರೂ ಕಿರುಚಾಟ ನಿಲ್ಲಲಿಲ್ಲ. ಕಾವು ಹೀರಲೆಂದು ಒಳಗೆ ಕೂರಿಸಿದ್ದ ಅಲ್ಯೂಮಿನಿಯಂ ತಗಡು ಬೆರಳಿಡಲಾಗದಷ್ಟು ಕಾದಿತ್ತು. ಅಕ್ಕ ಒಣಗಿದ ಮರದ ಕಡ್ಡಿಯೊಂದರಿಂದ ಒಂದೊಂದೇ ಭಾಗವನ್ನು ಒತ್ತುತ್ತಾ ಬಂದಳು. ತಂತಿಗಳ ಕಟ್ಟನ್ನು ಒತ್ತಿದಾಗ ಕೂಗಿನ ರಾಗ ಬದಲಾಯಿತು. ಆಗ ತಪ್ಪು ಹೊಳೆಯಿತು. ಮೋಟಾರಿನಲ್ಲಿ ಎಲ್ಲ ತಂತಿಗಳನ್ನೂ ಒಟ್ಟಿಗೆ ಸೇರಿಸಿ ದಾರದಿಂದ ಜಡೆಯಂತೆ ಬಿಗಿಯುವುದು ವೈಂಡಿಂಗಿನವರ ಶಿಸ್ತು. ಆ ಶಿಸ್ತನ್ನೇ ಇಲ್ಲೂ ಪಾಲಿಸಿದ್ದಳು: ಮೈಕಿನಿಂದ ಬರುವ ತಂತಿ, ಸ್ಪೀಕರಿಗೆ ಹೋಗುವ ತಂತಿ, ಎರಡೂ ಒಂದೇ ಜಡೆಯಲ್ಲಿ! ಹೊರಟ ದನಿ ಬರುವ ದಾರಿಯ ಕಿವಿಯಲ್ಲೇ ಕೂಗುತ್ತಿದ್ದರೆ ಪೆಟ್ಟಿಗೆ ತನ್ನ ಕೂಗಿಗೆ ತಾನೇ ಉತ್ತರ ಕೊಡುತ್ತಾ ಹುಚ್ಚೇಳದೆ ಇದ್ದೀತೆ? ದಾರ ಕತ್ತರಿಸಿ ಎರಡನ್ನೂ ದೂರ ಸರಿಸಿದಳು. ಕಿರುಚಾಟ ನಿಂತಿತು, ತಗಡು ತಣ್ಣಗಾಯಿತು.

ಉಳಿದದ್ದು ಗುಂಯ್ ಎಂಬ ಮೊರೆತ. ಅದಕ್ಕೆ ಮದ್ದನ್ನು ಗಂಡನೇ ಕಂಡುಹಿಡಿದ. ಬಸ್ಸಿನಲ್ಲಿ ಹಿಡಿಯುತ್ತಿದ್ದ ಹಾಗೆ ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದ, ಮೊರೆತ ಅಡಗಿತು. "ಕಾಫಿ ಆಯ್ತೇನೇ?" ಎಂಬ ಆತನ ಮಾತು ಮನೆಯಿಡೀ ಕೇಳಿಸಿತು.

"ನೋಡಿ, ಯಜಮಾನ ಯಾರು ಅಂತ ಪೆಟ್ಟಿಗೆಗೆ ಗೊತ್ತು" ಎಂದಳು ನಾದಿನಿ. "ಅಣ್ಣನ ಕೈ ಬಿದ್ರೆ ಸಾಕು, ಗಪ್‌ಚುಪ್!"

ಅಂದಿನಿಂದ ಅದೇ ವಾಡಿಕೆಯಾಯಿತು. ಮಾತು ಬೇಕಾದಾಗ ಪೆಟ್ಟಿಗೆಯನ್ನು ಎದೆಗಪ್ಪಿಕೊಳ್ಳುವುದು, ಮುಗಿದ ಮೇಲೆ ಕೆಳಗಿಡುವುದು. ಆತ ಗೋಡೆ ಬಿಟ್ಟು ಬೀದಿಯ ಕಡೆಗೆ ಮುಖ ತಿರುಗಿಸಿದ.

ಒಂದು ಬೆಳಿಗ್ಗೆ ನಾದಿನಿ ನೆಲ ತೊಳೆದಿದ್ದಳು. ಗಂಡ ಹಸಿನೆಲದ ಮೇಲೆ ಬರಿಗಾಲಲ್ಲಿ ನಿಂತು, ಪೆಟ್ಟಿಗೆ ಹಿಡಿದು ಏನನ್ನೋ ಹೇಳತೊಡಗಿದವನು ಅರ್ಧಕ್ಕೇ ತಡವರಿಸಿದ. ಆಯಾಸವಿರಬೇಕೆಂದು ಅಕ್ಕ, ಕೈಯ ಹಿಂಬದಿ ತಾಕಿಸುವ ರೂಢಿಯನ್ನೂ ಮರೆತು, ಪೆಟ್ಟಿಗೆಯನ್ನು ತಾನು ತೆಗೆದುಕೊಂಡಳು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರೂ ಮೊರೆತ ಮತ್ತೆ ಎದ್ದಿತು.

"ನನ್ನ ಕೈಗೆ ಯಾಕೆ ಸುಮ್ಮನಾಗಲ್ಲ ಇದು?"

"ನಿಮಗೆ ಹೆದರೋದು ನಾನೊಬ್ಳೇ ಅತ್ತಿಗೆ" ಎಂದು ನಾದಿನಿ ನಕ್ಕಳು.

ಅಕ್ಕ ನಗಲಿಲ್ಲ. ತನ್ನ ಕಾಲುಗಳನ್ನು ನೋಡಿಕೊಂಡಳು: ಕಸುಬಿನ ರೂಢಿಯಂತೆ ಮನೆಯಲ್ಲೂ ರಬ್ಬರ್ ಚಪ್ಪಲಿ. ಗಂಡನ ಕಾಲುಗಳನ್ನು ನೋಡಿದಳು: ಬರಿಗಾಲು, ನೀರು. ಪ್ರಿಯರೇ, ಆ ಕ್ಷಣದಲ್ಲಿ ಆಕೆಗೆ ಎಲ್ಲವೂ ಹೊಳೆಯಿತು. ಪೆಟ್ಟಿಗೆಯ ಮೈಗೆ ಕರೆಂಟು ಸೋರುತ್ತಿತ್ತು. ಆತನ ದೇಹದ ಮೂಲಕ ನೆಲಕ್ಕೆ ದಾರಿ ಸಿಕ್ಕಿದಾಗಲೆಲ್ಲ ಮೊರೆತ ಅಡಗುತ್ತಿತ್ತು. ಅದನ್ನವರು ವಿಧೇಯತೆ ಎಂದುಕೊಂಡಿದ್ದರು!

ಪ್ಲಗ್ಗು ಕಿತ್ತೆಸೆದು ಆಕೆ ಗಂಡನ ಅಂಗೈಗಳನ್ನು ಬಿಡಿಸಿ ನೋಡಿದಳು. "ರೀ, ಕೈಗೆ ಏನೂ ಅನ್ನಿಸ್ತಿರ್ಲಿಲ್ವಾ?"

ಆತ ಬಗ್ಗಿ ಆಕೆಯ ಕಿವಿಯ ಬಳಿ ಪಿಸುಗುಟ್ಟಿದ. "ಜುಮ್ ಅಂತಿತ್ತು. ಇವತ್ತು ಜೋರಾಗಿ ಹೊಡೀತು. ಹೇಳಿದ್ರೆ ನೀನು ಪೆಟ್ಟಿಗೆ ಕಿತ್ಕೊಳ್ತಿದ್ದೆ ಕಣೇ."

"ನಿಮ್ಮ ಮಾತು ಕೇಳೋ ಆಸೆಗೆ ನಿಮ್ಮನ್ನೇ ಕಳ್ಕೊಳ್ತಿದ್ನಲ್ರೀ!"

ಅಂಗಡಿಯಲ್ಲಿ ಸುತ್ತಿದ ಪ್ರತಿಯೊಂದು ಸುರುಳಿಗೂ ಮೆಗ್ಗರ್ ಎಂಬ ಮಾಪಕ ಹಚ್ಚಿ, ಸೋರಿಕೆ ಇಲ್ಲವೆಂದು ಮುಳ್ಳು ಸಾಕ್ಷಿ ಹೇಳಿದ ಮೇಲೆಯೇ ಗಿರಾಕಿಗೆ ಕೊಡುವುದು ಆಕೆಯ ವ್ರತ. ಇದೊಂದನ್ನು ಮಾತ್ರ ಮನೆಯದೆಂದು ಹಾಗೆಯೇ ಬಿಟ್ಟಿದ್ದಳು. ಅಪರಿಚಿತರಿಗೆ ಸಲ್ಲಿಸುವ ಎಚ್ಚರವನ್ನು ನಮ್ಮವರಿಗೆ ಸಲ್ಲಿಸಲು ಮರೆಯುತ್ತೇವಲ್ಲ, ದೇವರು ನಮ್ಮನ್ನು ಕ್ಷಮಿಸಲಿ. ಅಂದೇ ಅಂಗಡಿಗೆ ಒಯ್ದು ಮೆಗ್ಗರ್ ಹಚ್ಚಿದಾಗ ಮುಳ್ಳು ಸೊನ್ನೆಗೆ ಬಿದ್ದೇಹೋಯಿತು. ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ನೋಡಿದರೆ, ಕಬ್ಬಿಣದ ಚೂಪಾದ ಅಂಚೊಂದು ಕಾಗದದ ಹೊದಿಕೆಯನ್ನು ಸೀಳಿ ತಂತಿಯನ್ನು ಮುಟ್ಟುವಂತಿತ್ತು.

ಅಂಚನ್ನು ಅರದಿಂದ ಉಜ್ಜಿ, ಹೊದಿಕೆ ಬದಲಿಸಿ, ಮತ್ತೆ ಸುತ್ತಿದಳು. ಮುಳ್ಳು ಎಷ್ಟು ಸಲ ಸರಿಯೆಂದರೂ ನಂಬದೆ ಪುನಃ ಪುನಃ ಪರೀಕ್ಷಿಸಿದಳು. ಪೆಟ್ಟಿಗೆಯ ಮೈಗೆ ಹಸಿರು ತಂತಿಯೊಂದನ್ನು ಕಟ್ಟಿ, ಮೂರು ಪಿನ್ನಿನ ಪ್ಲಗ್ಗಿನ ಮೂಲಕ ನೆಲಕ್ಕೆ ಇಳಿಸಿದಳು. ಗಂಡನ ದೇಹ ಮಾಡುತ್ತಿದ್ದ ಕೆಲಸ ಇನ್ನು ಆ ತಂತಿಯದು.

ಆದರೂ ಆಕೆಗೆ ಧೈರ್ಯ ಬರಲಿಲ್ಲ. ಗಂಡನ ಕಾಲಿಗೆ ತಾನೇ ಚಪ್ಪಲಿ ತೊಡಿಸಿ, ಪೆಟ್ಟಿಗೆಯನ್ನು ಮರದ ಸ್ಟೂಲಿನ ಮೇಲಿಟ್ಟು, "ಕೈ ಹಿಂದೆ ಕಟ್ಕೊಳ್ಳಿ" ಎಂದು ಗದರಿದಳು. ಕಣ್ಣು ಮುಚ್ಚಿ, ದೇವರನ್ನು ನೆನೆದು, ಸ್ವಿಚ್ಚು ಒತ್ತಿದಳು. ಮೊರೆತವಿಲ್ಲ. ಕೈಯ ಹಿಂಬದಿಯನ್ನು ಪೆಟ್ಟಿಗೆಗೆ ತಾಕಿಸಿದಳು. ಏನೂ ಇಲ್ಲ.

ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತಿದ್ದ ಆತ ಮೈಕಿನ ಕಡೆ ಬಾಗಿದ. "ಬಾಗಿಲಲ್ಲಿ ನಿಲ್ಬೇಡಿ... ಒಳಗೆ ಜಾಗ ಇದೆ, ಮುಂದೆ ಹೋಗಿ!"

ನಾದಿನಿ ಬಿದ್ದು ಬಿದ್ದು ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ, ಅಳುವೇ ಬಂತು.

ಇಂದಿಗೂ ಆ ಭಯ ಆಕೆಯನ್ನು ಬಿಟ್ಟಿಲ್ಲ. ಪ್ರತಿದಿನ ಗಂಡ ಬಾಯಿ ತೆರೆಯುವ ಮೊದಲು, ಪೆಟ್ಟಿಗೆಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಾಳೆ. ಆತ ತಾಳ್ಮೆಯಿಂದ ಕಾಯುತ್ತಾನೆ. ಅನಂತರ ಆ ಕೈಯನ್ನು ತಿರುಗಿಸಿ, ಅಂಗೈಯನ್ನು ಆತನ ಭುಜದ ಮೇಲಿಟ್ಟು, "ಹೂಂ, ಈಗ ಮಾತಾಡಿ" ಎನ್ನುತ್ತಾಳೆ.